ಮೂರು ಶುಕ್ರವಾರ ಒಂದೇ ಮಾತು

ಮೊನ್ನೆ ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತಿದ್ದೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ವಾಷರ್ ಬೇಕಾಗಿತ್ತು. ಇಂಥ ಅಂಗಡಿಗಳಲ್ಲಿ ನನ್ನಂಥವರಿಗೆ ಮರ್ಯಾದೆ ಸ್ವಲ್ಪ ಕಡಿಮೆ. ವಸ್ತುವಿನ ಹೆಸರೂ ಗೊತ್ತಿರುವುದಿಲ್ಲ, ಸೈಜೂ ಗೊತ್ತಿರುವುದಿಲ್ಲ. ಗಾಳಿಯಲ್ಲಿ ಬೆರಳಿನಿಂದ ಒಂದು ಸೊನ್ನೆ ಬರೆದು "ಇಷ್ಟು ದೊಡ್ಡದು" ಅನ್ನುತ್ತೇವೆ. ಅಂಗಡಿಯವರು ಪಾಪ, ಬೇಜಾರು ಮಾಡಿಕೊಳ್ಳದೆ ಒಂದು ಡಬ್ಬಿಯನ್ನೇ ಕೌಂಟರಿನ ಮೇಲೆ ಸುರಿದರು. ರಬ್ಬರಿನ ಘಾಟು ಮೂಗಿಗೆ ಬಡಿಯಿತು. ಆ ಕಪ್ಪು ಬಳೆಗಳ ರಾಶಿಯ ನಡುವೆ ಒಂದು ಹಿತ್ತಾಳೆಯ ಬಿಲ್ಲೆ ಇತ್ತು. ನಡುಮಧ್ಯೆ ಹೆಸರುಕಾಳು ತೂರುವಷ್ಟು ತೂತು.

"ಅದು ಬೇಡ ಮೇಡಂ, ನೀರು ಸಣ್ಣಗೆ ಬರುತ್ತೆ" ಎಂದು ಅವರು ಅದನ್ನು ಬದಿಗೆ ಸರಿಸಿದರು.

ಸಣ್ಣಗೆ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಅಂಥ ಹನ್ನೆರಡು ಬಿಲ್ಲೆಗಳ ಕಾರಣಕ್ಕೆ ಒಬ್ಬ ಮನುಷ್ಯ ತನ್ನ ಕೆಲಸವನ್ನೇ ಪಣಕ್ಕಿಟ್ಟದ್ದನ್ನು ನಾನು ಹತ್ತಿರದಿಂದ ಕಂಡವಳು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಆಗ ನಾವು ಭದ್ರಾವತಿಯ ಜನ್ನಾಪುರದಲ್ಲಿ ಬಾಡಿಗೆಗಿದ್ದೆವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆಯಲ್ಲಿ ನಾನು, ನನ್ನ ಯಜಮಾನರು, ಅತ್ತೆ. ನಮ್ಮ ಕಾಂಪೌಂಡಿಗೆ ಅಂಟಿಕೊಂಡಂತೆ ಒಂದು ಪುಟ್ಟ ಮಸೀದಿ. ಎಷ್ಟು ಅಂಟಿಕೊಂಡಿತ್ತೆಂದರೆ, ಅಲ್ಲಿ ಯಾರಾದರೂ ಕೆಮ್ಮಿದರೆ ಅತ್ತೆ ಇಲ್ಲಿಂದ "ಶುಂಠಿ ಕಷಾಯ ಕುಡೀಬಾರ್ದಾ" ಎಂದು ಗೊಣಗುತ್ತಿದ್ದರು. ನಮಾಜಿಗೆ ಮೊದಲು ಕೈ, ಮುಖ, ಕಾಲು ತೊಳೆದುಕೊಳ್ಳುತ್ತಾರಲ್ಲ, ಅದಕ್ಕೆ ವುಜೂ ಅನ್ನುತ್ತಾರೆ. ಆ ನೀರು ಹರಿಯುವ ಚರಂಡಿ ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಒಂದು ಬೇಸಿಗೆಯಲ್ಲಿ ಅದು ಎಲ್ಲೋ ಕಟ್ಟಿಕೊಂಡು ಗೇಟಿನೆದುರು ಕೆಸರಿನ ಹೊಂಡವಾಯಿತು. ದಿನಾ ಸೀರೆಯ ನೆರಿಗೆ ಎತ್ತಿ ಹಿಡಿದು ಜಿಗಿಯುವುದು ನನ್ನಂಥ ದಪ್ಪ ಹೆಂಗಸಿಗೆ ಶೋಭೆಯಲ್ಲ. ಒಂದು ವಾರ ಜಿಗಿದೆ. ಎಂಟನೇ ದಿನ ಜಗಳಕ್ಕೆ ಹೊರಟೆ.

ಮಸೀದಿಯ ಗೇಟಿನಲ್ಲಿ ನಿಂತು ಏನೆಂದು ಕರೆಯಬೇಕೋ ತಿಳಿಯದೆ "ಯಾರ್ರೀ ಇದೀರಾ?" ಎಂದೆ, ಪಕ್ಕದ ಮನೆಗೆ ಸಕ್ಕರೆ ಕೇಳಲು ಹೋದವಳ ಹಾಗೆ. ಮೂವತ್ತೈದರ ಆಸುಪಾಸಿನ, ತೆಳ್ಳಗಿನ ಒಬ್ಬರು ಹೊರಗೆ ಬಂದರು.

"ನಮಾಜ್ ಮಾಡ್ಸೋನು ನಾನು, ಇಲಿಯಾಸ್ ಅಂತ. ಆಡಳಿತ ಎಲ್ಲ ಬಾಷಾ ಸಾಹೇಬ್ರದ್ದು. ಏನಾಗ್ಬೇಕಿತ್ತು ಟೀಚರ್?"

ಟೀಚರ್ ಎಂದ ಕೂಡಲೇ ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಒಟ್ಟುಗೂಡಿಸಿ, "ನಿಮ್ಮ ನೀರೆಲ್ಲ ನಮ್ಮ ಗೇಟ್ ಮುಂದೆ ನಿಂತಿದೆ. ಬಂದು ನೋಡಿ" ಎಂದೆ.

ಬಂದರು. ಹೊಂಡದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಚರಂಡಿಯನ್ನು ನೋಡಿದರು, ಮಸೀದಿಯ ಕಡೆ ನೋಡಿದರು. ಆಮೇಲೆ ತಮಗೇ ಹೇಳಿಕೊಳ್ಳುವಂತೆ ಹೇಳಿದರು: "ಚರಂಡಿ ನಾಳೆ ಬಿಡಿಸ್ತೀನಿ. ಆದ್ರೆ ಇಷ್ಟೊಂದು ನೀರು ಯಾಕೆ ಬರ್ತಿದೆ ಅಂತ ನಾನೇ ಒಂದು ದಿನಾನೂ ಕೇಳ್ಕೊಂಡಿಲ್ಲ ನೋಡಿ. ತಪ್ಪು ನಂದೇ."

ನಾನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದ ಎರಡನೆಯ, ಮೂರನೆಯ ವಾಕ್ಯಗಳು ದಂಡವಾದವು. ತಪ್ಪು ಒಪ್ಪಿಕೊಂಡವರ ಜೊತೆ ಜಗಳವಾಡುವುದು ಹೇಗೆ, ನೀವೇ ಹೇಳಿ.

ನಾಲ್ಕು ದಿನ ಬಿಟ್ಟು ಅವರು ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಒಂದು ನೋಟ್‌ಬುಕ್. ಅವರು ಹುಟ್ಟಿದ್ದು ಶಿಕಾರಿಪುರದ ಕಡೆ. ಚಿಕ್ಕಂದಿನಲ್ಲೇ ಓದಲು ಉತ್ತರದ ಮದರಸಾಕ್ಕೆ ಹೋದದ್ದರಿಂದ ಕನ್ನಡ ನಾಲಿಗೆಯ ಮೇಲಿತ್ತೇ ಹೊರತು ಕೈಗೆ ಸರಿಯಾಗಿ ಬಂದಿರಲಿಲ್ಲ. ಶುಕ್ರವಾರದ ಪ್ರವಚನವನ್ನು ಉರ್ದುವಿನಲ್ಲಿ ಹೇಳುತ್ತಿದ್ದರು. ಎದುರಿಗೆ ಕೂತ ಹುಡುಗರೆಲ್ಲ ಕನ್ನಡ ಶಾಲೆಯಲ್ಲಿ ಓದಿದವರು. ಗ್ರಂಥದ ಉರ್ದು ಅವರ ತಲೆಯ ಮೇಲಿಂದ ಹಾದುಹೋಗುತ್ತಿತ್ತು.

"ಕನ್ನಡದಲ್ಲಿ ಬರ್ಕೊಂಡು ಹೇಳ್ಬೇಕು ಅಂತಿದೀನಿ. ನೀವು ತಿದ್ದಿಕೊಡ್ತೀರಾ?"

ಬೇರೆಯವರ ಧರ್ಮದ ಮಾತನ್ನು ನಾನು ತಿದ್ದುವುದೇ ಎಂದು ಹಿಂಜರಿದೆ. ಒಳಗಿನಿಂದ ಅತ್ತೆಯ ದನಿ ಬಂತು: "ಊರ ಮಕ್ಕಳ ಕಾಗುಣಿತ ಎಲ್ಲ ತಿದ್ತೀಯಂತೆ, ಇವರದ್ದು ತಿದ್ದಿದ್ರೆ ಕೈ ಸವೆಯುತ್ತೇನೆ ಮಾರಾಯ್ತಿ?"

ಹೀಗೆ ಶುರುವಾಯಿತು. ಪ್ರತಿ ಬುಧವಾರ ಸಂಜೆ ಇಲಿಯಾಸ್ ಬರುವುದು, ಅತ್ತೆ ಕಾಫಿ ಕೊಡುವುದು, ನಾನು ಕೆಂಪು ಪೆನ್ನು ಹಿಡಿಯುವುದು. ಅಭ್ಯಾಸಬಲದಿಂದ ಮೊದಲ ಪ್ರವಚನದ ಕೆಳಗೆ ಹತ್ತಕ್ಕೆ ಆರು ಎಂದು ಅಂಕ ಹಾಕಿಬಿಟ್ಟಿದ್ದೆ. ಅವರು ಗಂಭೀರವಾಗಿ ನೋಡಿ, "ಪಾಸ್ ಅಲ್ವಾ?" ಎಂದರು.

ಆ ವಾರದ ವಿಷಯವೇ ನೀರು. ಅವರು 'ಅಮಾನತ್' ಎಂದು ಬರೆದಲ್ಲೆಲ್ಲ ನಾನು 'ಸಂಪನ್ಮೂಲ' ಎಂದು ತಿದ್ದಿದ್ದೆ. ನೀರು, ಮಣ್ಣು, ಗಿಡಮರ ಎಲ್ಲ ನೈಸರ್ಗಿಕ ಸಂಪನ್ಮೂಲಗಳು. ಇದು ನನ್ನ ಪಾಠದಲ್ಲಿ ಇಪ್ಪತ್ತು ವರ್ಷದಿಂದ ಇದ್ದ ವಾಕ್ಯ. ಇಲಿಯಾಸ್ ತಲೆಯಾಡಿಸಿದರು.

"ಸಂಪನ್ಮೂಲ ಅಂದ್ರೆ ನಮ್ಮದು, ನಾವು ಖರ್ಚು ಮಾಡ್ಬಹುದು ಅಂತ ಆಗುತ್ತಲ್ವಾ ಟೀಚರ್? ಅಮಾನತ್ ಅಂದ್ರೆ ಇನ್ನೊಬ್ಬರದ್ದು. ನಮ್ಮ ಕೈಗೆ ಕೊಟ್ಟಿದಾರೆ ಅಷ್ಟೆ. ಕೊಟ್ಟವನು ಒಂದು ದಿನ ಕೇಳ್ತಾನೆ."

ಒತ್ತೆ, ಠೇವಣಿ, ಎರವಲು ಎಂದು ಏನೇನೋ ಹುಡುಕಿದೆವು. ಒಂದೂ ಸರಿಹೋಗಲಿಲ್ಲ. ಕೊನೆಗೆ ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದ ಅತ್ತೆ, "ಪಕ್ಕದ ಮನೆಯೋರು ಊರಿಗೆ ಹೋಗ್ವಾಗ ಬೀಗದ ಕೈ ಕೊಟ್ಟು ಹೋಗ್ತಾರಲ್ಲ, ಅದೇ ತಾನೇ ನೀವು ಹೇಳ್ತಿರೋದು?" ಎಂದರು. ಇಲಿಯಾಸ್ ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದುಕೊಂಡರು. ಬೀಗದ ಕೈ ನಮ್ಮ ಹತ್ತಿರ ಇದೆ ಎಂದು ಮನೆಯೊಳಗಿನ ಅಕ್ಕಿ ಬೇಳೆ ಹೊತ್ತುಕೊಂಡು ಬರುತ್ತೇವೆಯೇ ಎಂಬ ಸಾಲನ್ನು ನಾನು ಸೇರಿಸಿದೆ. ನಾನು ಸೇರಿಸಿದ್ದು ಅದೊಂದೇ ಸಾಲು. ಅದರ ಬಗ್ಗೆ ಇವತ್ತಿಗೂ ನನಗೆ ಸ್ವಲ್ಪ ಜಂಬ ಇದೆ.

ಪ್ರವಚನದ ಮುಖ್ಯ ಮಾತು ಇನ್ನೊಂದಿತ್ತು. ಹರಿಯುವ ಹೊಳೆಯ ದಂಡೆಯಲ್ಲೇ ಕೂತಿದ್ದರೂ ವುಜೂಗೆ ಬೇಕಾದಷ್ಟೇ ನೀರು ಬಳಸಬೇಕು, ಹೆಚ್ಚು ಚೆಲ್ಲುವುದು ತಪ್ಪು ಎಂಬ ಬೋಧನೆ ಅವರ ಧರ್ಮದಲ್ಲಿದೆಯಂತೆ. ಭದ್ರಾವತಿಯವರಿಗೆ ಇದಕ್ಕಿಂತ ನೇರವಾಗಿ ಹೇಳಲು ಸಾಧ್ಯವೇ? ನಮ್ಮೂರಲ್ಲಿ ನೀರಿನ ಮಾತೆತ್ತಿದರೆ ಸಾಕು, "ಭದ್ರೆ ಪಕ್ಕದಲ್ಲೇ ಹರೀತಿದಾಳೆ, ನಮಗೇನು ಬರ" ಎನ್ನುವವರೇ ಎಲ್ಲ. ಅವರಲ್ಲಿ ನಾನೂ ಒಬ್ಬಳು. ಇಲಿಯಾಸ್ ಒಂದು ಸಲ ಬಹಳ ಸಂಕೋಚದಿಂದ ಕೇಳಿದರು: "ಬೆಳಿಗ್ಗೆ ಪೈಪ್ ಹಿಡಿದು ರಸ್ತೆ ತೊಳೆಯೋದು ಒಂದು ಉದಾಹರಣೆ ಹಾಕ್ಲಾ ಟೀಚರ್?"

"ಯಾರು ತೊಳೀತಾರೆ ಹಾಗೆ?"

"ಯಾರೋ ಒಬ್ರು ಅಂತ ಇರ್ಲಿ ಬಿಡಿ."

ಒಳಗಡೆ ಅತ್ತೆ ನಕ್ಕದ್ದು ಕೇಳಿಸಿತು. ಪ್ರತಿದಿನ ಬೆಳಿಗ್ಗೆ ಗೇಟಿನಿಂದ ರಸ್ತೆಯ ನಡುವಿನವರೆಗೆ ಪೈಪ್ ಹಿಡಿದು ತೊಳೆಯುತ್ತಿದ್ದವಳು ನಾನೇ. ನನ್ನ ಗೇಟಿನ ಮುಂದಿನ ಹೊಂಡಕ್ಕೆ ನನ್ನದೂ ಕಾಣಿಕೆ ಇತ್ತೆಂಬುದು ಆ ಕ್ಷಣದವರೆಗೆ ಹೊಳೆದಿರಲಿಲ್ಲ. ನಮ್ಮತ್ತೆ ಲಿಂಗಪೂಜೆಗೆ ಒಂದು ಗಿಂಡಿ ನೀರು ತಂದರೆ ಅದರಲ್ಲೇ ಎಲ್ಲ ಮುಗಿಸಿ, ಉಳಿದದ್ದನ್ನು ತುಂಬೆ ಗಿಡಕ್ಕೆ ಹಾಕುತ್ತಿದ್ದರು. ಅದನ್ನು ನೋಡುತ್ತಲೇ ಇದ್ದೆ, ಆದರೆ ಅದರಿಂದ ಏನನ್ನೂ ಕಲಿತಿರಲಿಲ್ಲ.

ಇಲಿಯಾಸ್ ಬರೆದು ಸುಮ್ಮನಾಗುವವರಲ್ಲ. ಬೇರೆಯವರಿಗೆ ಹೇಳುವ ಮೊದಲು ತಾನು ಮಾಡಬೇಕೆಂದು ನಲ್ಲಿಯ ಬಳಕೆ ಬಿಟ್ಟು, ಮೂತಿಯಿರುವ ಒಂದು ಚೊಂಬಿನಲ್ಲಿ ವುಜೂ ಮಾಡತೊಡಗಿದರು. ಐದು ಹೊತ್ತೂ ಒಂದೊಂದೇ ಚೊಂಬು. ಜನ ನೋಡಿದರು, ನಕ್ಕರು, ಹಳೇ ಕಾಲದವರು ಎಂದರು. ನಲವತ್ತು ದಿನ ಹಾಗೇ ಮಾಡಿ, ಆಮೇಲೆ ಒಂದು ಶುಕ್ರವಾರ ಆ ನೀರಿನ ಪ್ರವಚನ ಹೇಳಿದರು. ನಾನು, ಅತ್ತೆ ಕಾಂಪೌಂಡಿನ ಈಚೆ ಕುರ್ಚಿ ಹಾಕಿಕೊಂಡು ಕೂತು ಕೇಳಿದೆವು. ನನ್ನ ವಿದ್ಯಾರ್ಥಿ ಭಾಷಣ ಮಾಡುವಾಗಿನ ಹಾಗೆ ಪ್ರತಿ ಸಾಲಿನ ಜೊತೆ ನನ್ನ ತುಟಿಯೂ ಆಡುತ್ತಿತ್ತು. ಕೊನೆಯಲ್ಲಿ ಅವರು ಹೇಳಿದ್ದು ಇಷ್ಟು: ನಮ್ಮ ಮಸೀದಿಯ ಹನ್ನೆರಡು ನಲ್ಲಿಗಳ ನೀರಿನ ಬಿರುಸು ಕಡಿಮೆ ಮಾಡಬೇಕು, ಬಳಸಿದ ನೀರು ಬೀದಿಗೆ ಹೋಗದೆ ಗಿಡಗಳಿಗೆ ಹೋಗಬೇಕು.

ಬಾಷಾ ಸಾಹೇಬರಿಗೆ ಕೆಂಡ ಮೆಟ್ಟಿದಂತಾಯಿತು. ಅವರ ವಿಷಯ ಇಲ್ಲಿ ಹೇಳಬೇಕು. ಅವರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಮಸೀದಿ ಕಮಿಟಿಯ ಮುಖ್ಯಸ್ಥರು. ನಮ್ಮೆದುರಿನ ಮನೆ. ಹೆಂಡತಿ ಖೈರುನ್ನಿಸಾ ಬಿ ಬಹಳ ದಿನ ಹಾಸಿಗೆ ಹಿಡಿದು ತೀರಿಕೊಂಡಿದ್ದರು. ಅವರ ನೆನಪಿಗೆಂದು ಬಾಷಾ ಸಾಹೇಬರು ಆ ಹನ್ನೆರಡು ನಲ್ಲಿಗಳನ್ನು ತಮ್ಮ ಕೈಯಾರೆ ಕೂರಿಸಿದ್ದರು. ಮೇಲೆ ಗೋಡೆಯಲ್ಲಿ ಹೆಂಡತಿಯ ಹೆಸರಿನ ಕಲ್ಲು. ನಮಾಜು ಮುಗಿದ ಮೇಲೆ ಅವರು ಎಲ್ಲರೆದುರು ಇಲಿಯಾಸ್‌ಗೆ ಹೇಳಿದ್ದು ಗೋಡೆಯಾಚೆ ನಮಗೂ ಕೇಳಿಸಿತು.

"ಹಜರತ್, ನೀವು ನಮಾಜ್ ಮಾಡ್ಸಿ. ಪ್ಲಂಬರ್ ಕೆಲಸ ನಾವು ನೋಡ್ಕೋತೀವಿ."

ಮುಂದಿನ ಬುಧವಾರ ಇಲಿಯಾಸ್ ಬಂದಾಗ ನಾನು ಹೊಸ ವಿಷಯ ಏನೆಂದು ಕೇಳಿದೆ. ಅವರು ನೋಟ್‌ಬುಕ್ ತೆರೆಯಲೇ ಇಲ್ಲ.

"ಅದೇ ಓದ್ತೀನಿ."

ಆ ಶುಕ್ರವಾರ ಅದನ್ನೇ ಓದಿದರು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆ ಇಲ್ಲ. ಬಾಷಾ ಸಾಹೇಬರು ಪ್ರವಚನ ಮುಗಿಯುವ ಮೊದಲೇ ಎದ್ದು ಹೊರಗೆ ಬಂದು, ನಮಾಜು ಶುರುವಾಗುವವರೆಗೂ ಅಂಗಳದಲ್ಲಿ ನಿಂತಿದ್ದರು. ಆ ಸಂಜೆ ಕಮಿಟಿ ಸೇರಿತು. ಮತ್ತೊಮ್ಮೆ ಅದೇ ವಿಷಯ ಎತ್ತಿದರೆ ಬೇರೆ ಮಸೀದಿ ಹುಡುಕಿಕೊಳ್ಳಬೇಕು ಎಂದು ಹೇಳಿ ಕಳಿಸಿದರು. ಇಲಿಯಾಸ್‌ಗೆ ಹೆಂಡತಿ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಮಸೀದಿಯವರು ಕೊಟ್ಟ ಒಂದೂವರೆ ಕೋಣೆಯ ಮನೆ. ನನಗೆ ಭಯವಾಯಿತು. ಒಂದು ವಾರ ಬೇರೆ ಏನಾದರೂ ಮಾತಾಡಿ, ಸ್ವಲ್ಪ ತಣ್ಣಗಾಗಲಿ ಎಂದು ಬೇಡಿಕೊಂಡೆ.

"ನೀರು ಹೋಗ್ತಾನೇ ಇದೆಯಲ್ಲ ಟೀಚರ್. ಅದು ನಿಂತ್ರೆ ನಾನೂ ನಿಲ್ಲಿಸ್ತೀನಿ."

"ಕೆಲಸ ಹೋದ್ರೆ?"

"ಗೊತ್ತಿದ್ದೂ ಹೇಳದೆ ಇದ್ರೆ ನಾನು ಆ ಕೆಲಸ ಮಾಡಿದ ಹಾಗೆ ಆಗುತ್ತಾ?"

ಅವರು ಹೋದ ಮೇಲೆ ನನಗೆ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿ ಎದುರು ಮನೆಗೆ ಹೋದೆ. ಬಾಷಾ ಸಾಹೇಬರು ಒಬ್ಬರೇ ಕೂತು ಹಳೆಯ ಒಂದು ಪಂಪನ್ನು ಬಿಚ್ಚಿಟ್ಟುಕೊಂಡಿದ್ದರು.

"ಹಜರತ್ ಕಳಿಸಿದ್ರಾ ನಿಮ್ಮನ್ನ?"

"ಇಲ್ಲ. ನಾನು ಬಂದಿದ್ದು ಗೊತ್ತಾದ್ರೆ ಅವರು ಬೇಜಾರು ಮಾಡ್ಕೋತಾರೆ."

"ಆ ನಲ್ಲಿ ಯಾರ ಹೆಸರಲ್ಲಿ ಹಾಕ್ಸಿದ್ದು ಗೊತ್ತಲ್ಲಮ್ಮ ನಿಮಗೆ? ಬದುಕಿರೋವರೆಗೂ ಅವಳು ಬೀದಿ ನಲ್ಲಿ ಮುಂದೆ ಕೊಡ ಇಟ್ಕೊಂಡು ಸಾಲಲ್ಲಿ ನಿಂತವಳು. ಅವಳ ಹೆಸರಲ್ಲಾದ್ರೂ ನೀರು ಧಾರಾಳವಾಗಿ ಬರ್ಲಿ ಅಂತ ಹಾಕ್ಸಿದೆ. ಈಗ ಅಲ್ಲೂ ಸಣ್ಣಗೆ ಬರ್ಬೇಕಾ?"

ಅವರ ಮಾತಿನಲ್ಲಿ ಸುಳ್ಳೇನಿತ್ತು? ನಮ್ಮ ಮನೆಗೆ ನಲ್ಲಿ ಬರುವ ಮೊದಲು ಆ ಸಾಲಿನಲ್ಲಿ ಖೈರುನ್ನಿಸಾ ಬಿಯ ಹಿಂದೆ ನಾನೂ ಎಷ್ಟೋ ಸಲ ಕೊಡ ಹಿಡಿದು ನಿಂತಿದ್ದೆ. ನಿಂತಲ್ಲೇ ಇನ್ನೊಂದು ದೃಶ್ಯ ನೆನಪಾಯಿತು. ಅದನ್ನೇ ಹೇಳಿದೆ.

"ಅವರು ಮಲಗಿದ್ದಾಗ ಒಂದು ಸಂಜೆ ನಾನು ನೋಡೋಕೆ ಬಂದಿದ್ದೆ, ನೆನಪಿದೆಯಾ? ನೀವು ಸ್ಟೀಲ್ ಲೋಟದಲ್ಲಿ ನೀರು ತಂದು ಅವರ ಕೈಗೆ, ಮುಖಕ್ಕೆ, ಕಾಲಿಗೆ ನಿಧಾನಕ್ಕೆ ಹಾಕ್ತಿದ್ರಿ. ಕೆಳಗೆ ಬೋಗುಣಿ ಹಿಡಿದಿದ್ರಿ. ಅವರು ನನಗೆ ಹೇಳಿದ್ರು, 'ನೋಡಿ ಟೀಚರ್, ನಮ್ಮೋರು ಒಂದು ಲೋಟದಲ್ಲಿ ನನ್ನ ವುಜೂ ಮುಗಿಸ್ತಾರೆ, ಒಂದು ಹನಿ ಹಾಸಿಗೆಗೆ ಬೀಳಲ್ಲ' ಅಂತ. ಎಷ್ಟು ಹೆಮ್ಮೆ ಇತ್ತು ಅವರಿಗೆ! ಆ ಬೋಗುಣಿ ನೀರನ್ನ ನೀವು ಕರಿಬೇವಿನ ಗಿಡಕ್ಕೆ ಹಾಕಿದ್ರಿ."

ಬಾಷಾ ಸಾಹೇಬರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಎದ್ದು ಒಳಗೆ ಹೋದರು. ಆ ಮನೆಗೆ ಯಾರೇ ಹೋದರೂ ಅವರು ಚಹಾ ಕೊಡದೆ ಕಳಿಸಿದವರಲ್ಲ. ಅವತ್ತು ಚಹಾ ಬರಲಿಲ್ಲ, ಅವರೂ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಮನೆಗೆ ಬಂದೆ. ಕೆಲಸ ಕೆಡಿಸಿಬಿಟ್ಟೆ ಎಂದು ಅತ್ತೆಯ ಮುಂದೆ ಕಣ್ಣೀರು ಹಾಕಿದೆ. "ನಿಜ ತಾನೇ ಹೇಳಿದ್ದು, ಅಳೋದ್ಯಾಕೆ" ಎಂದು ಅವರು ಸೆರಗಿನಿಂದ ಕಣ್ಣೊರೆಸಿದರು.

ಮೂರನೆಯ ಶುಕ್ರವಾರ. ಮತ್ತೆ ಅದೇ ಪ್ರವಚನ. ಬೀಗದ ಕೈ, ಹೊಳೆಯ ದಂಡೆ, ಯಾರೋ ಒಬ್ಬರು ರಸ್ತೆ ತೊಳೆಯುವುದು, ಹನ್ನೆರಡು ನಲ್ಲಿ. ಅಷ್ಟರಲ್ಲಿ ನನಗೂ ಅತ್ತೆಗೂ ಅದು ಬಾಯಿಪಾಠವಾಗಿತ್ತು. ಎದ್ದು ಹೊರಬಂದ ಹೆಜ್ಜೆಸಪ್ಪಳವೇನೂ ಕೇಳಿಸಲಿಲ್ಲ. ನಮಾಜು ಮುಗಿಯಿತು. ಆಮೇಲೆ ಬಾಷಾ ಸಾಹೇಬರ ಒಡಕು ದನಿ.

"ಮೂರು ಸಲ ಕೇಳಿದ್ವಿ ಹಜರತ್. ಹೇಳಿದ್ದು ಸರಿಯಾಗಿದೆ. ಇನ್ನೊಂದು ಸಲ ಹೇಳ್ಸೋದು ನಮಗೆ ಮರ್ಯಾದೆಯಲ್ಲ. ನಾಳೆ ಬೆಳಿಗ್ಗೆ ನಲ್ಲಿ ಬಿಚ್ತೀನಿ."

ಎರಡು ದಿನದಿಂದ ಅವರು ಸ್ನೇಹಿತರ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತು ಹಿತ್ತಾಳೆಯ ಬಿಲ್ಲೆಗಳನ್ನು ಕಡೆಯುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಮೊದಲು ಕೂರಿಸಿದವು ತೀರಾ ಸಣ್ಣ ತೂತಿನವು. ಒಂದು ಕೈ ತೊಳೆಯುವಷ್ಟರಲ್ಲಿ ನಮಾಜು ಮುಗಿಯುತ್ತದೆ ಎಂದು ಜನ ಗಲಾಟೆ ಮಾಡಿದರು. ಬಾಷಾ ಸಾಹೇಬರು ಹನ್ನೆರಡನ್ನೂ ಬಿಚ್ಚಿ ತೂತು ಕೊಂಚ ದೊಡ್ಡದು ಮಾಡಿದರು, ಮತ್ತೆ ಬಿಚ್ಚಿದರು, ಮತ್ತೆ ಕೂರಿಸಿದರು. ತಮಗೆ ಒಪ್ಪಿಗೆಯಾಗುವವರೆಗೆ ಬಿಡಲಿಲ್ಲ. ಮಸೀದಿಯ ಹಿಂದೆ ಗುಂಡಿ ತೋಡಿ ಜಲ್ಲಿ, ಮರಳು ತುಂಬಿ ವುಜೂ ನೀರನ್ನು ಅಲ್ಲಿಗೆ ತಿರುಗಿಸಿದರು. ನುಗ್ಗೆ, ಸೀಬೆ, ಕರಿಬೇವು ನೆಟ್ಟರು. ಗಿಡ ನೆಟ್ಟವನಿಗೆ ಅದರ ಹಣ್ಣನ್ನು ಹಕ್ಕಿ ತಿಂದರೂ ಪುಣ್ಯ ಬರುತ್ತದೆ ಎಂದು ಇಲಿಯಾಸ್ ಹೇಳಿದ ಮೇಲೆ, ಸೀಬೆಹಣ್ಣಿಗೆ ಬರುವ ಗಿಣಿಗಳನ್ನು ಓಡಿಸುವುದನ್ನೂ ಬಿಟ್ಟರು. ನಮ್ಮ ಗೇಟಿನ ಮುಂದೆ ನೆಲ ಒಣಗಿತು. ಒಣಗಿದ ಮೇಲೆ ಮನೆಗೆ ಧೂಳು ಬರತೊಡಗಿತು. ಅದರ ಬಗ್ಗೆ ಯಾರ ಹತ್ತಿರ ಹೇಳಿಕೊಳ್ಳಲಿ? ಪೈಪ್ ಸುತ್ತಿಟ್ಟು ಪೊರಕೆ ಹಿಡಿದೆ.

ಸುದ್ದಿ ಹರಡಿತು. ಬೇರೆ ಮಸೀದಿಗಳವರು, ಶಿವಮೊಗ್ಗದವರೂ ಕೂಡ, ಆ ಪ್ರವಚನದ ಪ್ರತಿ ಕೇಳಿ ತೆಗೆದುಕೊಂಡು ಹೋದರು. ಆಮೇಲೆ ಇಲಿಯಾಸ್ ಒಂದೊಂದೇ ಹಾಳೆ ಬರೆದು ಜೆರಾಕ್ಸ್ ಮಾಡಿಸಿ ಹಂಚತೊಡಗಿದರು. ಬಕ್ರೀದ್ ಬಂದಾಗ ತ್ಯಾಜ್ಯವನ್ನು ಎಲ್ಲಿ ಹೂಳಬೇಕು, ಕಾಲುವೆಯ ಹತ್ತಿರ ಯಾಕೆ ಒಯ್ಯಬಾರದು; ಮದುವೆಯಲ್ಲಿ ಅನ್ನ ಚೆಲ್ಲಬಾರದು ಅಂದರೆ ಎಷ್ಟು ಬಡಿಸಬೇಕು. ಎಲ್ಲವನ್ನೂ ನಾನು ತಿದ್ದಿದೆ. ಕೆಳಗೆಲ್ಲಾದರೂ ನನ್ನ ಹೆಸರು ಇರಬಹುದೇ ಎಂದು ಪ್ರತಿ ಹಾಳೆಯನ್ನೂ ಕಣ್ಣಾಡಿಸುತ್ತಿದ್ದೆ. ಇರಲಿಲ್ಲ. ಒಮ್ಮೆ ನಗುತ್ತ ಕೇಳಿಯೂ ಬಿಟ್ಟೆ.

"ನನ್ನ ಹೆಸರೂ ಹಾಕಿಲ್ಲ ನೋಡಿ ಟೀಚರ್" ಎಂದರು ಅವರು.

ಎರಡು ವರ್ಷದ ಮೇಲೆ ತಾಯಿಗೆ ಹುಷಾರಿಲ್ಲವೆಂದು ಅವರು ಶಿಕಾರಿಪುರದ ಕಡೆ ಹೊರಟರು. ಬೀಳ್ಕೊಡಲು ನಾನು, ಅತ್ತೆ ಗೇಟಿಗೆ ಬಂದೆವು. ಬಾಷಾ ಸಾಹೇಬರು ಸಾಮಾನಿನ ಗಾಡಿಯ ಹಗ್ಗವನ್ನು ಮೂರು ಮೂರು ಸಲ ಬಿಗಿಯುತ್ತಿದ್ದರು. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ.

"ಅವತ್ತು ಕಮಿಟಿಯವರು ನಿಮ್ಮನ್ನ ಕಳಿಸಿಬಿಟ್ಟಿದ್ರೆ ಏನು ಮಾಡ್ತಿದ್ರಿ?"

"ಗುರುವಾರಾನೇ ಟ್ರಂಕ್ ಕಟ್ಟಿಟ್ಟಿದ್ದೆ. ಮಕ್ಕಳ ಬಟ್ಟೆ ಸಮೇತ." ಸ್ವಲ್ಪ ತಡೆದು ಕೇಳಿದರು: "ಮೂರನೇ ಸಲ ಓದ್ವಾಗ ನನ್ನ ದನಿ ನಡುಗ್ತಾ ಇತ್ತು. ನಿಮಗೆ ಕೇಳಿಸ್ತಾ?"

"ಇಲ್ಲಪ್ಪ" ಎಂದೆ. ಕೇಳಿಸಿತ್ತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಕೇಳಿಸಿತ್ತು. ಹೆದರದವರಿಗೆ ಮಾತ್ರ ಧೈರ್ಯ ಇರುತ್ತದೆ ಎಂದು ಅಲ್ಲಿಯವರೆಗೆ ನಂಬಿಕೊಂಡು, ಎಷ್ಟೋ ಕಡೆ ಬಾಯಿ ಮುಚ್ಚಿಕೊಂಡು ಬಂದವಳು ನಾನು.

ಈಗ ಅತ್ತೆ ಇಲ್ಲ. ನಾವು ಶಿವಮೊಗ್ಗದ ಸವಳಂಗ ರಸ್ತೆಯ ಕಡೆಯ ಒಂದು ಬಡಾವಣೆಯಲ್ಲಿದ್ದೇವೆ. ಬಡಾವಣೆಯ ಹಿಂದೆ ಒಂದು ಹಳೆಯ ನೀರಿನ ಕಟ್ಟೆ ಇದೆ. ನೀರು ಹಸಿರುಗಟ್ಟಿದೆ, ಅಂಚಿನಲ್ಲಿ ಕಸ, ಆದರೂ ಬೆಳಿಗ್ಗೆ ನೀರುಕೋಳಿಗಳು ಮರಿಗಳನ್ನು ಸಾಲಾಗಿ ಕರೆದುಕೊಂಡು ಬರುತ್ತವೆ. ಅದನ್ನು ಮಣ್ಣು ಹಾಕಿ ಮುಚ್ಚಿ ಕಾರು ನಿಲ್ಲಿಸಲು ಜಾಗ ಮಾಡಬೇಕೆಂದು ಬಡಾವಣೆಯ ನಿವಾಸಿಗಳ ಸಂಘದವರು ಮನವಿ ಸಿದ್ಧಪಡಿಸಿದ್ದಾರೆ. ಹೋದ ತಿಂಗಳು ಸಹಿಗೆಂದು ಹಾಳೆ ಮನೆಗೆ ಬಂದಿತ್ತು. ಅಕ್ಕಪಕ್ಕದವರೆಲ್ಲ ಹಾಕಿದ್ದಾರೆ, ನಾನೊಬ್ಬಳು ಯಾಕೆ ನಿಷ್ಠುರ ಆಗಲಿ ಎಂದು ನಾನೂ ಹಾಕಿದ್ದೆ. ಓದದೆ ಹಾಕಿದ್ದಲ್ಲ, ಓದಿಯೇ ಹಾಕಿದ್ದು.

ಗಾಂಧಿ ಬಜಾರಿನಿಂದ ಆಟೋದಲ್ಲಿ ಬಂದವಳು ಮನೆಗೆ ಹೋಗಲಿಲ್ಲ. ಸಂಘದ ಕಾರ್ಯದರ್ಶಿಗಳ ಮನೆಯ ಮುಂದೆ ಇಳಿದೆ. ಹಾಳೆ ಕೇಳಿ ತೆಗೆಸಿ, ನನ್ನ ಸಹಿಯ ಮೇಲೆ ಗೀಟು ಎಳೆದು, ಪಕ್ಕದಲ್ಲಿ 'ಒಪ್ಪಿಗೆ ಇಲ್ಲ' ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು.

"ನಿಮ್ಮದೊಂದು ಸಹಿ ಹೋದ್ರೆ ಏನೂ ವ್ಯತ್ಯಾಸ ಆಗಲ್ಲ ಮೇಡಂ" ಎಂದರು ಅವರು, ಪಾಪ, ಸಮಾಧಾನದ ದನಿಯಲ್ಲೇ.

"ಗೊತ್ತು. ಅದಕ್ಕೇ ಭಾನುವಾರ ಮೀಟಿಂಗಿಗೆ ಬರ್ತೀನಿ. ಮಾತಾಡೋರ ಹೆಸರಲ್ಲಿ ನಂದೂ ಬರ್ಕೊಳ್ಳಿ."

"ಎಷ್ಟು ಹೊತ್ತು ಮಾತಾಡ್ತೀರಿ?"

"ಅದು ನೀವು ಎಷ್ಟು ಬೇಗ ಒಪ್ಕೋತೀರಿ ಅನ್ನೋದರ ಮೇಲಿದೆ."

ಅವರು ನಕ್ಕರು. ನಾನು ನಗಲಿಲ್ಲ; ಅವರು ನನ್ನ ಹೆಸರನ್ನು ಬರೆದುಕೊಳ್ಳುವವರೆಗೂ ಕುರ್ಚಿಯಿಂದ ಏಳಲಿಲ್ಲ.